ಮಕ್ಕಳ ಜೊತೆ ಬೀಚಿಗೆ ಹೊರಟಿದ್ದೀರಾ? ಮೊದಲು ಇಳಿತದ ಟೈಮ್ ನೋಡಿ

ಒಂದನೇ ಕ್ಲಾಸಿನ ಮಗುವಿಗೆ ‘ಸಮುದ್ರದ ಚಿತ್ರ ಬಿಡಿಸು ನೋಡೋಣ’ ಅಂತ ಹೇಳಿ. ಕಾಗದದ ನಡುವೆ ಅಲೆ ಅಲೆಯಾಗಿ ನೀಲಿ ಗೆರೆ ಬರುತ್ತೆ. ಮೇಲೊಂದು ಸೂರ್ಯ, ಪಕ್ಕದಲ್ಲೊಂದು ಹಾಯಿದೋಣಿ. ನೀರೊಳಗೆ ಹಲ್ಲು ಕಿರಿಯುವ ಶಾರ್ಕ್, ನೆಗೆಯುವ ಡಾಲ್ಫಿನ್, ಕಿತ್ತಳೆ ಬಣ್ಣದ ನೀಮೋ. ಎಲ್ಲವೂ ಟಿವಿ, ಮೊಬೈಲಿನಿಂದ ಇಳಿದು ಬಂದವು. ಹೋದ ರಜೆಯಲ್ಲಿ ಮಲ್ಪೆಯಲ್ಲೋ ಗೋಕರ್ಣದಲ್ಲೋ ಆ ಮಗುವಿನ ಕಾಲಬುಡದಲ್ಲೇ ಓಡಿಹೋದ ಏಡಿ ಮಾತ್ರ ಚಿತ್ರದಲ್ಲಿ ಇರೋದಿಲ್ಲ.

ಇದರಲ್ಲಿ ಮಗುವಿನ ತಪ್ಪೇನಿಲ್ಲ. ನಾವು ಸಮುದ್ರಕ್ಕೆ ಕರ್ಕೊಂಡು ಹೋಗೋ ರೀತಿಯೇ ಹಾಗಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಡೋದು, ಶನಿವಾರ ರೂಮು ಸೇರೋದು, ಸಂಜೆ ಬೀಚಿಗಿಳಿದು ಒಂದು ಗಂಟೆ ನೀರಾಟ, ಐವತ್ತು ಫೋಟೊ, ಒಂದು ಪೊಟ್ಟಣ ಚುರುಮುರಿ. ಭಾನುವಾರ ವಾಪಸ್. ಶಾಲಾ ಪ್ರವಾಸದ ಕಥೆಯೂ ಹೆಚ್ಚುಕಮ್ಮಿ ಇದೇ. ಬಸ್ಸಿಂದ ಇಳಿಯುವಾಗಲೇ ‘ಅರ್ಧ ಗಂಟೆ ಅಷ್ಟೇ, ಎಲ್ಲರೂ ವಾಪಸ್ ಬರಬೇಕು’ ಅನ್ನೋ ಕೂಗು.

ಇತ್ತ ಶಾಲೆಯಲ್ಲಿ ಪರಿಸರ ದಿನ ಬಂದರೆ ಅದೇ ಮಕ್ಕಳ ಕೈಯಲ್ಲಿ ‘ಸಮುದ್ರ ಉಳಿಸಿ’ ಅಂತ ಪೋಸ್ಟರ್ ಬರೆಸ್ತೀವಿ. ಯಾರನ್ನು ಉಳಿಸಬೇಕು ಅನ್ನೋದನ್ನ ಮಾತ್ರ ತೋರಿಸಿರಲ್ಲ. ಪರಿಚಯವೇ ಇಲ್ಲದವರ ಪರವಾಗಿ ಯಾವ ಮಗು ತಾನೇ ಮಾತಾಡುತ್ತೆ ಹೇಳಿ?

ಆರರಿಂದ ಹತ್ತು ವರ್ಷದ ಮಕ್ಕಳಿಗೆ ಸಂರಕ್ಷಣೆಯ ಮೊದಲ ಪಾಠ ಕಸ ಹೆಕ್ಕುವುದಲ್ಲ, ಪರಿಚಯ ಮಾಡಿಕೊಳ್ಳುವುದು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಸೇರಿ ನಮಗೆ 300 ಕಿಲೋಮೀಟರಿಗೂ ಉದ್ದದ ಕರಾವಳಿ ಇದೆ. ಪಾಠಕ್ಕೆ ಜಾಗದ ಕೊರತೆ ಇಲ್ಲ. ಬೇಕಾಗಿರೋದು ಒಂದು ಗಂಟೆ, ಅದೂ ಸರಿಯಾದ ಒಂದು ಗಂಟೆ.

ಗಡಿಯಾರದ ಜೊತೆ ಚಂದ್ರನನ್ನೂ ನೋಡಿ

ಸಮುದ್ರ ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಏರಿದಾಗ ಭರತ, ಇಳಿದಾಗ ಇಳಿತ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ 7ಕ್ಕೆ ಇಳಿತ ಇದ್ದರೆ ನಾಳೆ ಹೆಚ್ಚುಕಮ್ಮಿ 7.50ಕ್ಕೆ. ದಿನಕ್ಕೆ ಸುಮಾರು 50 ನಿಮಿಷ ತಡ. ಮಕ್ಕಳಿಗೆ ಇದೊಂದು ಒಳ್ಳೇ ಲೆಕ್ಕದ ಆಟ. ‘ಭಾನುವಾರ ಎಷ್ಟೊತ್ತಿಗೆ ಇಳಿಯುತ್ತೆ?’ ಅಂತ ಬುಧವಾರವೇ ಕೇಳಿ, ಲೆಕ್ಕ ಹಾಕ್ತಾರೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರೋದರಿಂದ ಏರಿಳಿತ ಜೋರು. ನೀರು ಜಾಸ್ತಿ ಮೇಲೆ ಬರುತ್ತೆ, ಜಾಸ್ತಿ ಹಿಂದಕ್ಕೂ ಹೋಗುತ್ತೆ. ಅಷ್ಟಮಿಯ ಹೊತ್ತಿಗೆ ವ್ಯತ್ಯಾಸ ಕಡಿಮೆ. ಅಂದರೆ ಅಜ್ಜಿ ಮನೆಯ ಗೋಡೆಗೆ ನೇತುಹಾಕಿದ ಪಂಚಾಂಗದ ಕ್ಯಾಲೆಂಡರ್ ಇಲ್ಲಿ ವಿಜ್ಞಾನದ ಸಾಧನ. ಖಚಿತ ಸಮಯ ಬೇಕಂದ್ರೆ ಮೊಬೈಲಿನಲ್ಲಿ ಆ ಊರಿನ ಹೆಸರು ಹಾಕಿ ಭರತ-ಇಳಿತದ ಪಟ್ಟಿ ಹುಡುಕಬಹುದು. ಇಲ್ಲಾಂದ್ರೆ ದಡದಲ್ಲಿ ಬಲೆ ಬಿಡಿಸ್ತಾ ಕೂತವರನ್ನ ಕೇಳಿ, ಥಟ್ಟನೆ ಹೇಳ್ತಾರೆ.

ಯಾಕೆ ಇಳಿತವೇ ಬೇಕು? ಭರತದ ಹೊತ್ತಿಗೆ ಹೋದರೆ ಕಾಣೋದು ನೀರು ಮಾತ್ರ. ಇಳಿತದಲ್ಲಿ ಒದ್ದೆ ಮರಳು ಹಾಸಿಕೊಳ್ಳುತ್ತೆ, ಬಂಡೆಗಳು ಮೇಲೇಳುತ್ತವೆ, ಬಂಡೆ ನಡುವಿನ ಗುಂಡಿಗಳಲ್ಲಿ ನೀರು ನಿಲ್ಲುತ್ತೆ. ಆ ಗುಂಡಿಯೇ ಒಂದು ಪುಟ್ಟ ಅಕ್ವೇರಿಯಂ. ಇಳಿತದ ಸಮಯಕ್ಕಿಂತ ಒಂದು ಗಂಟೆ ಮುಂಚೆ ಹೋಗಿ, ನೀರು ಮತ್ತೆ ಏರೋಕೆ ಶುರುವಾದ ಕೂಡಲೇ ಹಿಂದಿರುಗಿ. ಅಷ್ಟು ಸಾಕು.

ಮೊದಲ ಪಾಠ ಹುಷಾರಾಗಿರೋದು

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಇಂಥ ಸುದ್ದಿ ಓದಿದಾಗ ‘ಸಮುದ್ರದ ಸಹವಾಸವೇ ಬೇಡ’ ಅನ್ನಿಸೋದು ಸಹಜ. ಆದರೆ ಬಯಲುಸೀಮೆಯ ಮಕ್ಕಳು ಒಂದಲ್ಲ ಒಂದು ದಿನ ಕಡಲ ಮುಂದೆ ನಿಂತೇ ನಿಲ್ತಾರೆ. ಅದನ್ನು ಓದೋಕೆ ಗೊತ್ತಿಲ್ಲದೆ ನಿಲ್ಲೋದು ಹೆಚ್ಚು ಅಪಾಯ.

ಮಕ್ಕಳಿಗೆ ಒಂದು ವಿಷಯ ಚಿತ್ರ ಬರೆದು ತೋರಿಸಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕು. ಕೆಲವು ಕಡೆ ಅದು ಕಿರಿದಾದ ಒಂದು ಜಾಡು ಹಿಡಿದು ರಭಸವಾಗಿ ಹಿಂದಕ್ಕೆ ಹರಿಯುತ್ತೆ. ಆ ಜಾಡಿನಲ್ಲಿ ಅಲೆ ಒಡೆಯೋದು ಕಡಿಮೆ. ಹಾಗಾಗಿ ಎರಡೂ ಪಕ್ಕ ಬಿಳಿ ನೊರೆ ಇದ್ದು ನಡುವೆ ಮಾತ್ರ ಶಾಂತವಾಗಿ ಕಾಣುವ ಜಾಗ ಆಟಕ್ಕೆ ಒಳ್ಳೇದಲ್ಲ, ಅದೇ ಸೆಳೆತದ ದಾರಿ ಇರಬಹುದು. ಸಿಕ್ಕಿಹಾಕಿಕೊಂಡವರು ನೇರ ದಡದ ಕಡೆ ಈಜಿದರೆ ಸುಸ್ತಾಗೋದೇ ಹೆಚ್ಚು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಹೊರಬರಬಹುದು. ಇದು ದೊಡ್ಡವರಿಗೂ ಗೊತ್ತಿರಬೇಕಾದ ಮಾತು.

ಪ್ರೈಮರಿ ಮಕ್ಕಳ ಮಟ್ಟಿಗೆ ನಿಯಮ ಇನ್ನೂ ಸರಳ. ನಮ್ಮ ಪಾಠ ಮರಳಲ್ಲಿ ಮತ್ತು ದಡದ ಗುಂಡಿಗಳಲ್ಲಿ, ನೀರಲ್ಲಿ ಅಲ್ಲ. ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಪಾಚಿ ಹಿಡಿದ ಬಂಡೆ ಹತ್ತಬಾರದು. ಕೆಂಪು ಬಾವುಟ ಕಂಡರೆ, ಜೀವರಕ್ಷಕರು ಸೀಟಿ ಊದಿದರೆ ಮರುಮಾತಿಲ್ಲದೆ ವಾಪಸ್. ಐದಾರು ಮಕ್ಕಳಿಗೆ ಒಬ್ಬರು ದೊಡ್ಡವರು, ಅವರ ಕೈಯಲ್ಲಿ ಮೊಬೈಲ್ ಇರಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಮುನಿದಿರುತ್ತೆ, ಆಗ ದೂರದಿಂದ ನೋಡಿ ಬಂದರೆ ಸಾಕು.

ಮರಳ ಮೇಲೆ ಯಾರ್ಯಾರು ಸಿಗ್ತಾರೆ?

ಒದ್ದೆ ಮರಳಿನ ಮೇಲೆ ಸಾಸಿವೆ, ಕಡಲೆ ಗಾತ್ರದ ಸಾವಿರಾರು ಗುಂಡುಗಳು ರಂಗೋಲಿಯ ಹಾಗೆ ಹರಡಿರೋದನ್ನ ನೀವೂ ತುಳಿದುಕೊಂಡು ಹೋಗಿರ್ತೀರಿ. ಅದು ಬೆರಳುಗುರಿನಷ್ಟು ಪುಟ್ಟ ಏಡಿಯ ಊಟದ ಎಲೆ. ಇಳಿತವಾದ ಕೂಡಲೇ ಬಿಲದಿಂದ ಹೊರಬಂದು ಮರಳನ್ನು ಬಾಯಿಗೆ ಹಾಕಿಕೊಳ್ಳುತ್ತೆ. ಮರಳಿಗೆ ಅಂಟಿದ ಸೂಕ್ಷ್ಮ ಪಾಚಿ, ಜೈವಿಕ ಚೂರುಗಳನ್ನ ತಿಂದು ಉಳಿದ ಮರಳನ್ನು ಗುಂಡು ಮಾಡಿ ಹಿಂದಕ್ಕೆ ಬಿಸಾಡುತ್ತೆ. ಭರತ ಬಂದು ರಂಗೋಲಿ ಅಳಿಸಿದರೆ ಮುಂದಿನ ಇಳಿತಕ್ಕೆ ಮತ್ತೆ ಹೊಸದು. ಹತ್ತು ನಿಮಿಷ ಅಲ್ಲಾಡದೆ ಕೂತರೆ ಏಡಿ ಹೊರಗೆ ಬರುತ್ತೆ. ತುಂಟ ಮಗುವನ್ನು ಹತ್ತು ನಿಮಿಷ ಸುಮ್ಮನೆ ಕೂರಿಸೋಕೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ.

ಸ್ವಲ್ಪ ಮೇಲಿನ ಒಣ ಮರಳಲ್ಲಿ ಮುಷ್ಟಿ ಹೋಗುವಷ್ಟು ದೊಡ್ಡ ಬಿಲಗಳಿರುತ್ತವೆ. ಅದು ದೆವ್ವದ ಏಡಿಯ ಮನೆ. ಮರಳಿನದೇ ಬಣ್ಣ, ಕಡ್ಡಿಯ ತುದಿಯಲ್ಲಿ ಕಣ್ಣು, ಅಡ್ಡಡ್ಡ ಓಟ. ಕಂಡ ಕ್ಷಣಕ್ಕೆ ಮಾಯ, ಅದಕ್ಕೇ ಆ ಹೆಸರು. ಸಂಜೆ ಕತ್ತಲಾಗ್ತಾ ಬಂದಂತೆ ಹೊರಬಂದು ದಡಕ್ಕೆ ಬಿದ್ದ ಸತ್ತ ಮೀನು, ಹುಳು ಎಲ್ಲವನ್ನೂ ತಿಂದು ಚೊಕ್ಕ ಮಾಡುತ್ತೆ. ‘ತೀರದ ಪೌರಕಾರ್ಮಿಕ’ ಅಂದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತೆ.

ಚಿಪ್ಪು ಆರಿಸುವಾಗ ಒಂದು ಪತ್ತೇದಾರಿ ಕೆಲಸ ಕೊಡಿ. ಕೆಲವು ಚಿಪ್ಪಿನಲ್ಲಿ ಡ್ರಿಲ್ ಹಾಕಿದ ಹಾಗೆ ಒಂದು ದುಂಡು ತೂತು ಇರುತ್ತೆ. ಹಾರ ಮಾಡೋಕೆ ಯಾರೋ ಕೊರೆದದ್ದಲ್ಲ. ಕಡಲಿನ ಒಂದು ಜಾತಿಯ ಬಸವನಹುಳು ತನ್ನ ಗರಗಸದಂಥ ನಾಲಿಗೆಯಿಂದ, ಜೊತೆಗೆ ಚಿಪ್ಪನ್ನು ಮೆತ್ತಗೆ ಮಾಡುವ ರಸ ಬಿಟ್ಟು ಆ ತೂತು ಕೊರೆಯುತ್ತೆ. ಒಳಗಿನ ಮೃದು ಜೀವವನ್ನು ತಿಂದು ಮುಗಿಸುತ್ತೆ. ಅಂದರೆ ಆ ಚಿಪ್ಪು ಒಂದು ಕೊಲೆಯ ಸಾಕ್ಷಿ! ಮೂರನೇ ಕ್ಲಾಸಿನ ಮಕ್ಕಳು ಆಮೇಲೆ ಸುಂದರ ಚಿಪ್ಪು ಬಿಟ್ಟು ತೂತಿನ ಚಿಪ್ಪನ್ನೇ ಹುಡುಕ್ತಾರೆ.

ಬೆಳ್ಳಗೆ, ಹಗುರವಾಗಿ, ದೋಸೆ ಹಿಟ್ಟಿನ ಸೌಟಿನ ಆಕಾರದ ಒಂದು ವಸ್ತುವೂ ದಡದಲ್ಲಿ ಸಿಗುತ್ತೆ. ಥರ್ಮೋಕೋಲ್ ಅಂದುಕೊಂಡು ಎಸೀತೇವೆ. ಅದು ಬೊಂಡಾಸಿನ ಹತ್ತಿರದ ಸಂಬಂಧಿಯಾದ ಕಟಲ್‌ಫಿಶ್‌ನ ಒಳಗಿನ ಗಟ್ಟಿ ಭಾಗ. ತೂಕ ತೇಲಿಸಿಕೊಳ್ಳೋಕೆ ಅದರೊಳಗೆ ಪುಟ್ಟ ಪುಟ್ಟ ಗೂಡುಗಳಿವೆ. ಆಯುರ್ವೇದದವರು ಇದನ್ನೇ ‘ಸಮುದ್ರಫೇನ’ ಅಂತಾರೆ, ಅಂದರೆ ಕಡಲ ನೊರೆ. ಗಿಳಿ ಸಾಕುವವರು ಪಂಜರಕ್ಕೆ ಕಟ್ಟೋ ಬಿಳಿ ತುಂಡೂ ಇದೇ.

ಬಂಡೆಯ ಮೇಲೆ ಜ್ವಾಲಾಮುಖಿಯ ಆಕಾರದಲ್ಲಿ ಅಂಟಿಕೊಂಡ ಬಾರ್ನಕಲ್‌ಗಳನ್ನ ಮುಟ್ಟಿಸಿ, ಚೂಪು ಇರುತ್ತೆ, ನಿಧಾನ. ಮರಿಯಾಗಿದ್ದಾಗ ಈಜಾಡಿಕೊಂಡಿದ್ದು, ಒಂದು ದಿನ ಬಂಡೆಗೆ ತಲೆ ಅಂಟಿಸಿಕೊಂಡು ಜೀವಮಾನವಿಡೀ ಅಲ್ಲೇ ಉಳಿಯುವ ಪ್ರಾಣಿ ಅದು. ನೀರು ಬಂದಾಗ ಬಾಗಿಲು ತೆಗೆದು ಕಾಲು ಆಡಿಸಿ ಊಟ ಹಿಡಿಯುತ್ತೆ, ನೀರು ಇಳಿದಾಗ ಬಾಗಿಲು ಹಾಕಿಕೊಳ್ಳುತ್ತೆ. ‘ಹಾಗಾದ್ರೆ ಅದಕ್ಕೆ ಬೋರ್ ಆಗಲ್ವಾ?’ ಅನ್ನೋ ಪ್ರಶ್ನೆ ಬರುತ್ತೆ, ತಯಾರಾಗಿರಿ.

ಮಕ್ಕಳು ಮನೆಗೆ ತರಬೇಕು ಅಂತ ಹಟ ಹಿಡಿಯೋ ಚಿಪ್ಪಿನ ಬಗ್ಗೆಯೂ ಒಂದು ಮಾತು. ಸನ್ಯಾಸಿ ಏಡಿಗೆ ಹೊಟ್ಟೆಯ ಭಾಗ ಮೆತ್ತಗೆ, ಸ್ವಂತ ಕವಚ ಇಲ್ಲ. ಖಾಲಿ ಶಂಖವೇ ಅದಕ್ಕೆ ಬಾಡಿಗೆ ಮನೆ. ಬೆಳೆದಂತೆಲ್ಲ ದೊಡ್ಡ ಮನೆ ಹುಡುಕಬೇಕು. ನಾವು ಚೀಲ ತುಂಬಾ ಶಂಖ ತಂದರೆ ಅಲ್ಲಿ ಬಾಡಿಗೆ ಮನೆಗಳ ಅಭಾವ. ಬೆಂಗಳೂರಿನ ಮಕ್ಕಳಿಗೆ ಇದನ್ನ ಜಾಸ್ತಿ ವಿವರಿಸಬೇಕಾಗಿಲ್ಲ ಬಿಡಿ! ಫೋಟೊ ತೆಗೀರಿ, ಚಿತ್ರ ಬಿಡಿಸಿ, ಚಿಪ್ಪು ಅಲ್ಲೇ ಇರಲಿ. ಜೀವ ಇರುವ ಶಂಖ, ಜೆಲ್ಲಿಫಿಶ್ ಮುಟ್ಟೋದೇ ಬೇಡ. ದಡಕ್ಕೆ ಬಿದ್ದು ಸತ್ತ ಜೆಲ್ಲಿಫಿಶ್ ಕೂಡ ಚುಚ್ಚಬಲ್ಲದು.

ಒಂದು ಹಗ್ಗ, ಒಂದು ನೋಟ್‌ಬುಕ್

ಬರೀ ತೋರಿಸ್ತಾ ಹೋದರೆ ಮಕ್ಕಳು ಹದಿನೈದು ನಿಮಿಷಕ್ಕೆ ಬೇಜಾರಾಗ್ತಾರೆ. ಕೈಗೆ ಕೆಲಸ ಬೇಕು. ನಾಲ್ಕು ಮೀಟರ್ ಹಗ್ಗದ ತುದಿಗಳನ್ನ ಗಂಟು ಹಾಕಿ ಮರಳ ಮೇಲೆ ಒಂದು ಮೀಟರಿನ ಚೌಕ ಮಾಡಿ. ಅದರೊಳಗೆ ಏನೇನಿದೆ? ಬಿಲ ಎಷ್ಟು, ಚಿಪ್ಪು ಎಷ್ಟು ಥರ, ಹಕ್ಕಿಯ ಹೆಜ್ಜೆ ಇದೆಯಾ, ಪ್ಲಾಸ್ಟಿಕ್ ಚೂರು ಎಷ್ಟು? ನೀರಿನ ಹತ್ತಿರ ಒಂದು ಚೌಕ, ನಡುವೆ ಒಂದು, ಒಣ ಮರಳಲ್ಲಿ ಒಂದು. ಮೂರೂ ಕಡೆ ಲೆಕ್ಕ ಬೇರೆ ಬೇರೆ ಬರುತ್ತೆ. ‘ಯಾಕೆ?’ ಅನ್ನೋ ಪ್ರಶ್ನೆಯನ್ನ ನೀವು ಕೇಳಬೇಕಾಗಿಲ್ಲ, ಅವರೇ ಕೇಳ್ತಾರೆ. ಕಡಲಜೀವಿಗಳ ಸಂಶೋಧಕರು ತೀರದಲ್ಲಿ ಮಾಡೋದೂ ಇದೇ ಕೆಲಸ, ಅವರ ಚೌಕ ಮಾತ್ರ ಸ್ವಲ್ಪ ಗಟ್ಟಿ.

ಒಂದು, ಎರಡನೇ ಕ್ಲಾಸಿನವರು ಎಣಿಸಲಿ, ಚಿತ್ರ ಬಿಡಿಸಲಿ. ನಾಲ್ಕು, ಐದನೇ ಕ್ಲಾಸಿನವರು ತಾರೀಕು, ತಿಥಿ, ಸಮಯ, ಜಾಗ ಬರೆದು ಪಟ್ಟಿ ಮಾಡಲಿ. ಕರಾವಳಿಯ ಶಾಲೆಗಳಿಗೆ ಒಂದು ಅನುಕೂಲ ಇದೆ. ಅದೇ ಜಾಗಕ್ಕೆ ತಿಂಗಳಿಗೊಮ್ಮೆ, ಬ್ಯಾಗ್ ಇಲ್ಲದ ಶನಿವಾರ ಹೋಗಬಹುದು. ವರ್ಷ ಮುಗಿಯುವಾಗ ಮಕ್ಕಳ ಕೈಯಲ್ಲಿ ತಮ್ಮೂರಿನ ತೀರದ್ದೇ ಒಂದು ದಾಖಲೆ ಇರುತ್ತೆ.

ಮೇಷ್ಟ್ರು ಹಿಂದಿನ ಬೆಂಚಲ್ಲಿ ಕೂತಿರಬಹುದು

ಕಡಲೂರಿನ ಶಾಲೆಗಳಲ್ಲಿ ಮೀನುಗಾರರ ಮಕ್ಕಳಿಗೆ ‘ಮೀನು ವಾಸನೆ’ ಅಂತ ಛೇಡಿಸೋದು ಹೊಸದಲ್ಲ. ಪಾಠದ ಪುಸ್ತಕದಲ್ಲಿ ತನ್ನ ಮನೆಯ ಲೋಕ ಎಲ್ಲೂ ಕಾಣದೆ ಹಿಂದೆ ಸರಿಯೋ ಮಗು, ಕಡಲೇ ಪಾಠವಾದ ದಿನ ಮುಂದೆ ಬರುತ್ತೆ. ಗಾಳಿ ಯಾವ ಕಡೆಯಿಂದ ಬಂದರೆ ಬಲೆಗೆ ಮೀನು, ಯಾವ ಮೋಡಕ್ಕೆ ದೋಣಿ ಇಳಿಸಬಾರದು, ಯಾವ ಮೀನಿನ ಮುಳ್ಳು ಚುಚ್ಚಿದರೆ ಉರಿ ಅನ್ನೋದೆಲ್ಲ ಆ ಮಗುವಿಗೆ ಮನೆಯ ಮಾತು. ಟೀಚರಿಗೂ ಗೊತ್ತಿಲ್ಲದ್ದನ್ನ ತಾನು ಹೇಳಿಕೊಟ್ಟೆ ಅನ್ನೋ ಹೆಮ್ಮೆ ಸಣ್ಣದಲ್ಲ.

ಹೆಸರುಗಳ ಹೋಮ್‌ವರ್ಕ್ ಕೊಟ್ಟು ನೋಡಿ. ಒಂದೇ ಮೀನು ತುಳುವಿನಲ್ಲಿ ಬೂತಾಯಿ, ಕುಂದಾಪುರದಲ್ಲಿ ಬೈಗೆ, ಕೊಂಕಣಿಯಲ್ಲಿ ತಾರ್ಲೆ. ಮರಳಲ್ಲಿ ಹುದುಗಿರುವ ಚಿಪ್ಪುಜೀವಿ ಮಂಗಳೂರಲ್ಲಿ ಮರುವಾಯಿ, ಕೊಂಕಣಿಯವರಿಗೆ ತಿಸ್ರ್ಯೊ. ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರ ಹತ್ತಿರ ಇಂಥ ಹೆಸರುಗಳ ದೊಡ್ಡ ನಿಘಂಟೇ ಇದೆ. ಒಬ್ಬರನ್ನ ಒಂದು ದಿನ ಕ್ಲಾಸಿಗೆ ಕರೆಸಿ, ಕುರ್ಚಿ ಹಾಕಿ ಕೂರಿಸಿ. ‘ನೀವು ಸಣ್ಣವರಿದ್ದಾಗ ಸಿಗ್ತಿದ್ದು ಈಗ ಸಿಗದ ಮೀನು ಯಾವುದು, ಅಕ್ಕ?’ ಅಂತ ಮಕ್ಕಳೇ ಕೇಳಲಿ. ಸಂರಕ್ಷಣೆ ಯಾಕೆ ಬೇಕು ಅನ್ನೋದಕ್ಕೆ ಬೇರೆ ಭಾಷಣ ಬೇಡ.

ಅವರಿಂದಲೇ ಇನ್ನೊಂದು ವಿಷಯ ಸಿಗುತ್ತೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಮಳೆಗಾಲದ ಅಪಾಯ ಒಂದು ಕಾರಣ, ಹಲವು ಮೀನುಗಳು ಮೊಟ್ಟೆಯಿಡುವ ಕಾಲ ಅನ್ನೋದು ಇನ್ನೊಂದು. ಎರಡು ತಿಂಗಳು ದುಡಿಮೆ ನಿಲ್ಲಿಸಿ ಕಡಲಿಗೆ ಬಿಡುವು ಕೊಡೋ ಮನೆಗಳಿವೆ ಅಂತ ಗೊತ್ತಾದಾಗ ‘ಉಳಿಸೋದು’ ಅನ್ನೋ ಮಾತಿಗೆ ತೂಕ ಬರುತ್ತೆ.

ಹೆದರಿಸೋದು ಬೇಡ

ಪರಿಸರ ಪಾಠ ಅಂದ ಕೂಡಲೇ ನಮಗೆ ಹೊಳೆಯೋದು ಪ್ಲಾಸ್ಟಿಕ್ ನುಂಗಿ ಸತ್ತ ತಿಮಿಂಗಿಲ, ಬಲೆಗೆ ಸಿಕ್ಕ ಆಮೆ. ಆರು ವರ್ಷದ ಮಗುವಿಗೆ ಇದನ್ನೇ ಮೊದಲು ತೋರಿಸಿದರೆ ಏನಾಗುತ್ತೆ? ಭಯ ಆಗುತ್ತೆ, ಆಮೇಲೆ ಆ ವಿಷಯದಿಂದಲೇ ದೂರ ಸರಿಯುತ್ತೆ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೋಬೆಲ್ 1996ರಲ್ಲೇ ಈ ಬಗ್ಗೆ ಪುಸ್ತಕ ಬರೆದರು. ನಾಲ್ಕನೇ ತರಗತಿ ದಾಟುವವರೆಗೆ ಮಕ್ಕಳ ತಲೆಗೆ ಪ್ರಕೃತಿಯ ದುರಂತಗಳನ್ನ ತುಂಬಬೇಡಿ, ಮೊದಲು ಒಡನಾಟ ಬೆಳೆಯಲಿ ಅನ್ನೋದು ಅವರ ವಾದ.

ಅದಕ್ಕೂ ಮೊದಲೇ ಈ ಮಾತನ್ನ ಹೇಳಿದವರು ರೇಚೆಲ್ ಕಾರ್ಸನ್. ಕೀಟನಾಶಕಗಳ ವಿರುದ್ಧ ಬರೆದು ಹೆಸರಾದ ಅವರು ಮೂಲತಃ ಕಡಲಜೀವಿಗಳ ವಿಜ್ಞಾನಿ. 1956ರಲ್ಲಿ ಒಂದು ಮಹಿಳಾ ಪತ್ರಿಕೆಗೆ, ತಮ್ಮ ಅಕ್ಕನ ಮಗಳ ಪುಟ್ಟ ಮಗನನ್ನ ಎತ್ತಿಕೊಂಡು ಮೇಯ್ನ್ ರಾಜ್ಯದ ಕಡಲ ತೀರದಲ್ಲಿ ಅಲೆದಾಡಿದ ಬಗ್ಗೆ ಲೇಖನ ಬರೆದರು. ಮಗುವಿಗೆ ಹೆಸರುಗಳನ್ನ ಬಾಯಿಪಾಠ ಮಾಡಿಸುವುದಕ್ಕಿಂತ ಅದರ ಬೆರಗನ್ನು ಹಂಚಿಕೊಳ್ಳುವ ಒಬ್ಬ ದೊಡ್ಡವರು ಜೊತೆಗಿರುವುದು ಮುಖ್ಯ ಅನ್ನೋದು ಅದರ ಸಾರ. ಅಂದರೆ ನಿಮಗೆ ಎಲ್ಲ ಗೊತ್ತಿರಬೇಕಾಗಿಲ್ಲ. ‘ನಂಗೂ ಗೊತ್ತಿಲ್ಲ ಪುಟ್ಟಾ, ಬಾ ನೋಡೋಣ’ ಅನ್ನೋಕೆ ಬಂದರೆ ಸಾಕು.

ಆಮೆಯ ಕಥೆ ಮತ್ತು ಒಂದು ಕಷ್ಟದ ಪ್ರಶ್ನೆ

ಒಡನಾಟ ಆದಮೇಲೆ ಸಂರಕ್ಷಣೆಯ ಕಥೆ ಹೇಳೋಕೆ ನಮ್ಮಲ್ಲಿ ಕಡಲಾಮೆ ಇದೆ. ಆಲಿವ್ ರಿಡ್ಲೆ ಆಮೆಗಳು ಒಡಿಶಾದ ಗಹಿರಮಾತಾ, ರುಷಿಕುಲ್ಯದಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ಬಂದು ಮೊಟ್ಟೆ ಇಡ್ತವೆ. ನಮ್ಮ ಹೊನ್ನಾವರ, ಕಾರವಾರ, ಕುಂದಾಪುರದ ಕಡೆ ಒಂದೊಂದೇ ಬರುತ್ತವೆ. ರಾತ್ರಿ ಹೊತ್ತು ತೆವಳಿಕೊಂಡು ಮೇಲೆ ಬಂದು, ಒಂದೂವರೆ ಅಡಿ ಗುಂಡಿ ತೋಡಿ, ಸುಮಾರು ನೂರು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೊರಟುಹೋಗುತ್ತೆ ತಾಯಿ. 45ರಿಂದ 60 ದಿನಗಳಲ್ಲಿ ಮರಿಗಳು. ಮರಳಿನ ಬಿಸಿ ಜಾಸ್ತಿ ಇದ್ದರೆ ಹೆಣ್ಣು ಮರಿಗಳು ಜಾಸ್ತಿ, ಕಡಿಮೆ ಇದ್ದರೆ ಗಂಡು. ಭೂಮಿ ಬಿಸಿಯಾಗೋದಕ್ಕೂ ಆಮೆಯ ಸಂಸಾರಕ್ಕೂ ಹೀಗೆ ಸಂಬಂಧ.

ಮರಿಗಳು ಹೊರಬಂದಾಗ ಬೆಳಕು ಕಾಣುವ ಕಡೆ ಹೋಗ್ತವೆ. ರಾತ್ರಿ ಕಡಲಿನ ಕಡೆಯ ಬಾನೇ ಹೆಚ್ಚು ಬೆಳಕು. ಆದರೆ ರೆಸಾರ್ಟಿನ ಫ್ಲಡ್‌ಲೈಟ್ ಅದಕ್ಕಿಂತ ಜೋರು. ದಾರಿ ತಪ್ಪಿ ರಸ್ತೆ ಕಡೆ ಹೋದ ಮರಿ ಬೆಳಗಿನ ಹೊತ್ತಿಗೆ ನಾಯಿ, ಕಾಗೆಯ ಪಾಲು. ನಮ್ಮಲ್ಲಿ ಹಲವು ಕಡೆ ಗೂಡು ಮೊದಲು ಕಾಣೋದು ಬೆಳಗಿನ ಜಾವ ದಡಕ್ಕೆ ಬರುವ ಮೀನುಗಾರರಿಗೆ. ಅವರು ಸುದ್ದಿ ಕೊಡ್ತಾರೆ, ಅರಣ್ಯ ಇಲಾಖೆಯವರು ಸುತ್ತ ಬೇಲಿ ಕಟ್ಟಿ ಕಾಯ್ತಾರೆ, ಮರಿಗಳನ್ನ ಬಿಡುವ ದಿನ ಊರ ಶಾಲೆಯ ಮಕ್ಕಳನ್ನೂ ಕರೀತಾರೆ. ಮರಿಯನ್ನ ಎತ್ತಿ ನೀರಿಗೆ ಹಾಕಲ್ಲ, ಮರಳ ಮೇಲೆ ತಾನೇ ನಡೆದು ಹೋಗಲಿ ಅಂತ ಬಿಡ್ತಾರೆ. ನೀವು ಹೋದಾಗ ಆಮೆಯೋ ಗೂಡೋ ಕಂಡರೆ ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಐದನೇ ಕ್ಲಾಸಿನವರಿಗೆ ಇಲ್ಲೇ ಒಂದು ಕಷ್ಟದ ಪ್ರಶ್ನೆ ಕೊಡಬಹುದು. ಕಡಲ್ಕೊರೆತ ಇರೋ ಕಡೆ ದಡದುದ್ದಕ್ಕೂ ಕಲ್ಲು ಪೇರಿಸಿ ಗೋಡೆ ಕಟ್ತಾರೆ. ಆ ಕಲ್ಲು ಹತ್ತಿ ಆಮೆ ಮೇಲೆ ಬರೋಕಾಗಲ್ಲ. ಹಾಗಂತ ಕಲ್ಲು ತೆಗೆದರೆ ಅದರ ಹಿಂದಿನ ಮನೆಗಳ ಗತಿ ಏನು? ಉಳ್ಳಾಲದಂಥ ಕಡೆ ಮಳೆಗಾಲದಲ್ಲಿ ಮನೆ ಕಳೆದುಕೊಂಡವರಿದ್ದಾರೆ. ಮಕ್ಕಳು ಎರಡು ಗುಂಪಾಗಿ ವಾದ ಮಾಡಲಿ. ಸುಲಭದ ಉತ್ತರ ಇಲ್ಲ ಅನ್ನೋದನ್ನ ಹತ್ತನೇ ವಯಸ್ಸಿಗೆ ತಿಳಿದುಕೊಂಡರೆ ನಷ್ಟ ಏನಿಲ್ಲ.

ನಿಮ್ಮ ಮೋರಿ ಯಾವ ಕಡಲಿಗೆ ಹೋಗುತ್ತೆ?

ಕಸದ ಪಾಠ ಈಗ ಬರಲಿ. ಅದರಲ್ಲೂ ಹೆಕ್ಕೋದಕ್ಕಿಂತ ಎಣಿಸೋದು ಮುಖ್ಯ. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಇಬ್ಬರು ಮಹಿಳೆಯರು ಶುರುಮಾಡಿದ ಕಡಲ ತೀರ ಸ್ವಚ್ಛತೆಯ ಕೆಲಸ ಇವತ್ತು ಸೆಪ್ಟೆಂಬರಿನ ಮೂರನೇ ಶನಿವಾರ ಜಗತ್ತಿನಾದ್ಯಂತ ನಡೆಯುತ್ತೆ. ಅವತ್ತೇ ಅವರು ಮಾಡಿದ ಜಾಣತನ ಏನು ಗೊತ್ತಾ? ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿಸಿದ್ದು. ಬಾಟಲಿ ಎಷ್ಟು, ಮುಚ್ಚಳ ಎಷ್ಟು, ಬಲೆಯ ತುಂಡು ಎಷ್ಟು. ಮಕ್ಕಳೂ ಹೀಗೆ ಬರೆದರೆ ‘ಇದು ಯಾರ ಕಸ, ಎಲ್ಲಿಂದ ಬಂತು?’ ಅನ್ನೋ ಪ್ರಶ್ನೆ ಹುಟ್ಟುತ್ತೆ. ಕೈಗವಸು ಇರಲಿ, ಸಿರಿಂಜು, ಗಾಜು ಕಂಡರೆ ದೊಡ್ಡವರನ್ನ ಕರೆಯಲಿ.

ಸಮುದ್ರ ನೋಡೋಕೆ ಆಗದ ಊರಿನ ಮಕ್ಕಳಿಗೂ ಇಲ್ಲೇ ಪಾಠ ಇದೆ. ಬೆಂಗಳೂರಿನ ವೃಷಭಾವತಿ ಅರ್ಕಾವತಿಯನ್ನ ಸೇರಿ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನ ಸೇರಿ, ಕಾವೇರಿ ಪೂಂಪುಹಾರಿನ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತೆ. ಬೆಳ್ಳಂದೂರು, ವರ್ತೂರು ಕೆರೆಯ ನೀರು ದಕ್ಷಿಣ ಪಿನಾಕಿನಿಯ ದಾರಿ ಹಿಡಿದು ಕಡಲೂರಿನ ಕಡೆ ಹೋಗುತ್ತೆ. ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲಾ ಮುಂದೆ ಗಂಗಾವಳಿಯಾಗಿ ಅಂಕೋಲಾದ ಕಡೆ ಅರಬ್ಬಿ ಸಮುದ್ರಕ್ಕೆ ಇಳಿಯುತ್ತೆ. ನಿಮ್ಮ ಅಪಾರ್ಟ್‌ಮೆಂಟ್ ಹಿಂದಿನ ಮೋರಿಯಿಂದ ಶುರುಮಾಡಿ ಭೂಪಟದ ಮೇಲೆ ಬೆರಳಿಟ್ಟು ಕಡಲಿನವರೆಗೆ ಹೋಗೋ ಆಟ ಆಡಿಸಿ. ಬಾಲ್ಕನಿಯಿಂದ ಎಸೆದ ಚಾಕಲೇಟ್ ಕವರ್ ಎಲ್ಲಿಗೆ ಹೋಗಬಹುದು ಅನ್ನೋದು ಆ ಮಗುವಿಗೆ ಮರೆಯಲ್ಲ.

ಕೆಟ್ಟದ್ದು ಸರಿಯೂ ಆಗಬಲ್ಲದು ಅನ್ನೋ ಕಥೆಯೂ ಜೊತೆಗಿರಲಿ. ಮುಂಬೈನ ವರ್ಸೋವಾ ಬೀಚಿನಲ್ಲಿ ಕಸದ ರಾಶಿಯೇ ಇತ್ತು. 2015ರಲ್ಲಿ ವಕೀಲ ಅಫ್ರೋಜ್ ಶಾ ಅದನ್ನ ಎತ್ತೋಕೆ ಶುರುಮಾಡಿದರು, ವಾರ ವಾರ ಜನ ಸೇರಿಕೊಂಡರು. 2018ರ ಮಾರ್ಚ್‌ನಲ್ಲಿ ಅದೇ ಬೀಚಿನ ಮರಳಿಂದ ಆಲಿವ್ ರಿಡ್ಲೆ ಮರಿಗಳು ಹೊರಬಂದು ಕಡಲ ಕಡೆ ನಡೆದವು.

ಹೊರಡೋ ಮುಂಚೆ ಒಂದು ಪಟ್ಟಿ

- ಇಳಿತದ ಸಮಯ ನೋಡಿ ಊಟ, ನಿದ್ದೆ ಹೊಂದಿಸಿಕೊಳ್ಳಿ. ಬೆಳಗಿನ ಇಳಿತ ಸಿಕ್ಕರೆ ಒಳ್ಳೇದು, ಬಿಸಿಲೂ ಕಮ್ಮಿ, ಜನವೂ ಕಮ್ಮಿ.
- ಟೋಪಿ, ನೀರು, ಹಿಂದೆ ಪಟ್ಟಿ ಇರುವ ಚಪ್ಪಲಿ, ಹಗ್ಗ, ನೋಟ್‌ಬುಕ್, ಪೆನ್ಸಿಲ್, ಒಂದು ಭೂತಗನ್ನಡಿ.
- ಕಲ್ಲು ಎತ್ತಿ ನೋಡಿದರೆ ಹಾಗೇ ವಾಪಸ್ ಇಡಿ. ಅದು ಯಾರದೋ ಮನೆಯ ಛಾವಣಿ.
- ಮರಳು ಬೇಡ ಅನ್ನಿಸಿದರೆ ಹೊನ್ನಾವರದ ಕಾಸರಕೋಡಿನ ಹತ್ತಿರ ಶರಾವತಿಯ ಹಿನ್ನೀರಲ್ಲಿ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ದಾರಿ ಇದೆ. ಕೆಸರಿಂದ ಮೇಲೆದ್ದ ಉಸಿರಾಟದ ಬೇರು, ಕೆಸರಲ್ಲಿ ಕುಪ್ಪಳಿಸೋ ಮೀನು ಸಿಕ್ಕರೂ ಸಿಗಬಹುದು.
- ಸಂಜೆ ರೂಮಿಗೆ ಬಂದಮೇಲೆ ಅರ್ಧ ಗಂಟೆ ಮೊಬೈಲ್ ಬದಿಗಿಟ್ಟು ಮಗು ಬರೆದದ್ದನ್ನ ಓದಿ, ಬಿಡಿಸಿದ್ದನ್ನ ನೋಡಿ.

ಮತ್ತೊಂದು ಸಣ್ಣ ಕೆಲಸ ಓದುಗರಿಗೆ. ನಿಮ್ಮೂರು ಕರಾವಳಿಯಾದರೆ ನಿಮ್ಮ ಅಮ್ಮ, ಅಜ್ಜಿಯ ಬಾಯಲ್ಲಿ ಆ ಮರಳ ಗುಂಡಿನ ಏಡಿಗೆ, ತೂತು ಕೊರೆಯೋ ಬಸವನಹುಳುವಿಗೆ, ಬಂಡೆಗೆ ಅಂಟಿದ ಬಾರ್ನಕಲ್‌ಗೆ ಏನು ಹೆಸರಿದೆ ಅಂತ ಕೇಳಿ, ಊರಿನ ಹೆಸರಿನ ಜೊತೆ ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ. ತುಳು, ಕೊಂಕಣಿ, ಕುಂದಗನ್ನಡ, ನವಾಯತಿ ಯಾವುದಾದರೂ ಸರಿ. ಪುಸ್ತಕಗಳಲ್ಲಿ ಇಂಗ್ಲಿಷ್ ಹೆಸರೇ ಸಿಗುವ ಎಷ್ಟೋ ಜೀವಿಗಳಿಗೆ ನಮ್ಮ ಮಕ್ಕಳು ನಮ್ಮದೇ ಹೆಸರು ಹಿಡಿದು ಕೂಗಲಿ.